ಸೋರುವ ಗ್ಯಾಸ್ ಪೈಪಿಗೆ ಟೇಪ್ ಸುತ್ತಬೇಡಿ

ಕೇಳುಗರಿಗೆ ನಮಸ್ಕಾರ. ಗ್ಯಾಸ್ ವೆಲ್ಡಿಂಗ್ ಮಾಡುವ ಕಾರ್ಮಿಕ ಬಂಧುಗಳಿಗೂ ಅವರಿಗೆ ಸಲಕರಣೆ ಒದಗಿಸುವ ಮಾಲೀಕರಿಗೂ ನಾನು ಈ ಹೊತ್ತು ಹೇಳಬೇಕಾದುದು ಒಂದೇ ಮಾತು: ಸೋರುವ ಪೈಪಿಗೆ ಟೇಪ್ ಸುತ್ತಬೇಡಿ.

ವೆಲ್ಡಿಂಗಿನ ಉರಿ ಹೊರಡುವ ಟಾರ್ಚಿಗೆ ಬರುವ ಎರಡು ರಬ್ಬರ್ ಪೈಪುಗಳಲ್ಲಿ ಒಂದು ಆಕ್ಸಿಜನ್ನಿನದು, ಕೆಂಪಗಿರುವುದು ಉರಿಯುವ ಗ್ಯಾಸಾದ ಅಸಿಟಿಲೀನಿನದು. ಗಾಳಿಯಲ್ಲಿ ನೂರಕ್ಕೆ 2.5 ಭಾಗದಷ್ಟು ಅಸಿಟಿಲೀನ್ ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಒಮ್ಮೆ ಒಂದು ಕಾರ್ಯಾಗಾರದ ತಪಾಸಣೆಗೆ ಹೋಗಿದ್ದಾಗ, ಟಾರ್ಚಿನ ಹತ್ತಿರವೇ ಕೆಂಪು ಪೈಪಿಗೆ ಇನ್ಸುಲೇಷನ್ ಟೇಪ್ ಸುತ್ತಿರುವುದು ಕಣ್ಣಿಗೆ ಬಿತ್ತು. ಕೇಳಿದರೆ, ಅಲ್ಲಿನ ಹಿರಿಯ ವೆಲ್ಡರ್, "ತಿಂಗಳುಗಳಿಂದ ಹೀಗೇ ಇದೆ ಸಾರ್, ಏನೂ ಆಗಿಲ್ಲ" ಎಂದರು. ನಾನು ವಾದಕ್ಕಿಳಿಯದೆ, ಟಾರ್ಚಿನ ವಾಲ್ವ್ ಮುಚ್ಚಿಸಿ, ಎಂದಿನ ಒತ್ತಡಕ್ಕೆ ಗ್ಯಾಸ್ ಬಿಡಿಸಿ, ಪೈಪನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದೆ. ಗುಳ್ಳೆಗಳು ಟೇಪಿನ ನಡುವಿನಿಂದ ಬರಲಿಲ್ಲ. ಅದರ ಅಂಚಿನಾಚೆ, ಗೇಣುದ್ದ ದೂರದಿಂದ ಸಾಲಾಗಿ ಎದ್ದವು. ರಬ್ಬರಿನ ನಡುವೆ ಇರುವ ನೂಲಿನ ಪದರದಲ್ಲಿ ಗ್ಯಾಸ್ ಹರಿದು ಬೇರೆಡೆ ಹೊರಬರುತ್ತಿತ್ತು. ಅಂದರೆ ಟೇಪ್ ಸೋರಿಕೆಯನ್ನು ನಿಲ್ಲಿಸಿರಲಿಲ್ಲ, ಮರೆಮಾಡಿತ್ತು ಅಷ್ಟೆ. ಆಮೇಲೆ ಆ ಭಾಗವನ್ನು ಕತ್ತರಿಸಿ ಸೀಳಿ ನೋಡಿದಾಗ ಒಳಗೆಲ್ಲ ಮಸಿ ಹಿಡಿದಿತ್ತು. ಹಿಂದೆಂದೋ ಉರಿ ಟಾರ್ಚಿನಿಂದ ಹಿಮ್ಮುಖವಾಗಿ ಪೈಪಿನೊಳಕ್ಕೆ ನುಗ್ಗಿದ್ದರ ಗುರುತು ಅದು. ಒಳಗೆ ಸುಟ್ಟ ಪೈಪನ್ನು ರಿಪೇರಿ ಮಾಡಲಾಗದು, ಬದಲಿಸಲೇಬೇಕು. ಆ ವೆಲ್ಡರ್ ಮರುಮಾತಿಲ್ಲದೆ ಉಳಿದ ಪೈಪನ್ನೂ ತಾವೇ ಬಿಚ್ಚಿ ಬದಿಗಿಟ್ಟರು.

ಆದ್ದರಿಂದ ಪ್ರತಿದಿನ ಕೆಲಸಕ್ಕೆ ಮುನ್ನ ಪೈಪನ್ನು ಅಲ್ಲಲ್ಲಿ ಬಾಗಿಸಿ ಬಿರುಕು ನೋಡಿರಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿರಿ. ಎರಡು ನಿಮಿಷದ ಈ ಕೆಲಸಕ್ಕೆ ಪುರುಸೊತ್ತಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪೈಪ್ ಚೆನ್ನಾಗಿದ್ದು ಒಂದೇ ಕಡೆ ಕೊಯ್ದಿದ್ದರೆ, ಕೆಟ್ಟ ಭಾಗ ಕತ್ತರಿಸಿ ಸರಿಯಾದ ಜೋಡಣೆಯನ್ನೂ ಕ್ಲಿಪ್ಪುಗಳನ್ನೂ ಹಾಕಿರಿ. ಟೇಪ್ ಬೇಡವೇ ಬೇಡ. ಅಸಿಟಿಲೀನ್ ಪೈಪಿಗೆ ತಾಮ್ರದ ಕೊಳವೆ ತುಂಡನ್ನು ಎಂದಿಗೂ ಸೇರಿಸಬೇಡಿ, ಅವೆರಡೂ ಕೂಡಿ ಸಿಡಿಯುವ ವಸ್ತು ಹುಟ್ಟುತ್ತದೆ.

ಇನ್ನುಳಿದ ಸಮಯ ಕಡಿಮೆ. ಆಕ್ಸಿಜನ್ ಜೋಡಣೆಗೆ ಎಣ್ಣೆ, ಗ್ರೀಸ್ ಸೋಕಬಾರದು. ಉರಿಯನ್ನು ತಡೆಯುವ ಫ್ಲ್ಯಾಷ್‌ಬ್ಯಾಕ್ ಅರೆಸ್ಟರನ್ನು ಎರಡೂ ಗ್ಯಾಸಿನ ಪೈಪುಗಳಿಗೆ ಹಾಕಿಸಿರಿ. ಕೆಲಸ ಮುಗಿದ ಮೇಲೆ ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪುಗಳಲ್ಲಿ ಉಳಿದ ಗ್ಯಾಸನ್ನು ಗಾಳಿಯಾಡುವ ಕಡೆ ಒಂದೊಂದಾಗಿ ಹೊರಬಿಟ್ಟು, ಅವನ್ನು ಸಿಲಿಂಡರಿಗೆ ಸುತ್ತದೆ ಅಗಲವಾದ ಕೊಕ್ಕೆಗೆ ತೂಗುಹಾಕಿರಿ.