ಕ್ಯಾಸೆಟ್ ಗೆದ್ದದ್ದು ಅಳತೆಯಿಂದ

ಶ್ರೋತೃಗಳಿಗೆ ನಮಸ್ಕಾರ.

ಕ್ಯಾಸೆಟ್ಟಿನ ಮಾತು ಬಂದಾಗಲೆಲ್ಲ, ಅದರ ದನಿ ಚೆನ್ನಾಗಿತ್ತೋ ಸಿ.ಡಿ.ಯ ದನಿ ಚೆನ್ನಾಗಿದೆಯೋ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆಯನ್ನು ಬದಿಗಿಡಿ. ಹುಟ್ಟಿದಾಗ ಕ್ಯಾಸೆಟ್ಟಿನ ದನಿ ಮಾತು ಕೇಳಲು ಸಾಕೆನ್ನುವಷ್ಟೇ ಇತ್ತು. ಅದು ಗೆದ್ದದ್ದು ದನಿಯಿಂದಲ್ಲ, ಅಳತೆಯಿಂದ. ಯಾವ ದೇಶದ, ಯಾವ ಕಂಪನಿಯ ಕ್ಯಾಸೆಟ್ಟಾದರೂ ಯಾವ ಯಂತ್ರಕ್ಕಾದರೂ ಕೂರುತ್ತಿದ್ದುದರಿಂದ.

ಅದಕ್ಕೂ ಮುಂಚೆ ಟೇಪಿನ ತುದಿಯನ್ನು ಕೈಯಲ್ಲಿ ಹಿಡಿದು, ಟೇಪಿನಲ್ಲಿರುವ ದನಿಯನ್ನು ಓದುವ ಹೆಡ್ಡಿನ ಮುಂದೆ ಹಾಯಿಸಿ, ಖಾಲಿ ಸ್ಪೂಲಿಗೆ ಸುತ್ತಬೇಕಿತ್ತು. ಈ ತೊಡಕನ್ನು ತಪ್ಪಿಸಲು ಅಮೆರಿಕದ ಆರ್‌ಸಿಎ ಕಂಪನಿ 1958ರಲ್ಲಿ ಟೇಪನ್ನು ಡಬ್ಬಿಯೊಳಗೆ ಕೂರಿಸಿತಾದರೂ, ಡಬ್ಬಿಯೇ ಒಂದು ಪುಸ್ತಕದಷ್ಟು ದೊಡ್ಡದಾಗಿತ್ತು. ಲಿಯರ್‌ಜೆಟ್ ವಿಮಾನಗಳಿಂದ ಹೆಸರಾದ ಬಿಲ್ ಲಿಯರ್ 1964ರಲ್ಲಿ ಎಂಟು ಟ್ರ್ಯಾಕಿನ, ಅಂದರೆ ಟೇಪಿನುದ್ದಕ್ಕೂ ಎಂಟು ದನಿಸಾಲುಗಳಿರುವ, ಕಾರ್ಟ್ರಿಜ್ ತಂದರು. ಫೋರ್ಡ್ ಕಂಪನಿ 1966ರ ಮಾದರಿಯ ಕಾರುಗಳಲ್ಲಿ ಅದಕ್ಕೆ ಸ್ಥಳ ಕೊಟ್ಟಿತು. ಅದರೊಳಗೆ ಇದ್ದದ್ದು ಒಂದೇ ಸುರುಳಿ: ನಡುವಿನಿಂದ ಹೊರಬಂದ ಟೇಪು ಹೆಡ್ಡನ್ನು ದಾಟಿ ಅದೇ ಸುರುಳಿಯ ಹೊರ ಅಂಚಿಗೆ ಸುತ್ತಿಕೊಳ್ಳುತ್ತಿತ್ತು. ಪದರಗಳು ಒಂದರ ಮೇಲೊಂದು ಜಾರಲೆಂದು ಟೇಪಿನ ಬೆನ್ನಿಗೆ ಗ್ರಾಫೈಟ್ ಬಳಿದಿರುತ್ತಿದ್ದರು. ಹಿಂದಕ್ಕೆ ಸುತ್ತುವ ಮಾತೇ ಇರಲಿಲ್ಲ. ಟೇಪಿನ ಎರಡು ತುದಿಗಳನ್ನು ಜೋಡಿಸಿದ ಜಾಗದ ಲೋಹದ ಪಟ್ಟಿ ಬಂದಾಗ ಹೆಡ್ಡು ಟಕ್ಕೆಂದು ಪಕ್ಕದ ಟ್ರ್ಯಾಕುಗಳಿಗೆ ಸರಿಯುತ್ತಿತ್ತು, ಕೆಲವೊಮ್ಮೆ ಹಾಡಿನ ನಡುವೆಯೇ.

ಈಗ ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಬೆಲ್ಜಿಯಂನ ಹಾಸೆಲ್ಟ್ ಊರಿನ ಫಿಲಿಪ್ಸ್ ಕಾರ್ಖಾನೆಯಲ್ಲಿ ಲೂ ಒಟೆನ್ಸ್ ಎಂಬ ಎಂಜಿನಿಯರ್ ಇದ್ದರು. ಅವರು ಕಾಗದದ ಮೇಲೆ ಲೆಕ್ಕ ಹಾಕುವ ಮೊದಲು ಮರದ ತುಂಡೊಂದನ್ನು ತಮ್ಮ ಕೋಟಿನ ಜೇಬಿಗೆ ಹಿಡಿಸುವಂತೆ ಕತ್ತರಿಸಿಕೊಂಡು, ತಯಾರಾಗುವ ಟೇಪ್ ರೆಕಾರ್ಡರ್ ಇದಕ್ಕಿಂತ ದೊಡ್ಡದಾಗಬಾರದು ಎಂದು ನಿಶ್ಚಯಿಸಿದರು. ಗಮನಿಸಿ, ಮೊದಲು ತೀರ್ಮಾನವಾದದ್ದು ಅಳತೆ! ಅದಕ್ಕೆ ತಕ್ಕಂತೆ ಟೇಪಿನ ಅಗಲ 3.81 ಮಿಲಿಮೀಟರಿಗೆ ಇಳಿಯಿತು. ವೇಗವೂ ಸೆಕೆಂಡಿಗೆ 4.76 ಸೆಂಟಿಮೀಟರಿಗೆ, ಅಂದರೆ ಆರ್‌ಸಿಎ ಡಬ್ಬಿಯ ವೇಗದ ಅರ್ಧಕ್ಕೆ, ಇಳಿಯಿತು. 1963ರ ಆಗಸ್ಟ್ 30ರಂದು ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಈ ಕ್ಯಾಸೆಟ್ಟು ಜನರ ಮುಂದೆ ಬಂತು. ಆ ಮರದ ತುಂಡು ಏನಾಯಿತೆಂದು ಕೇಳುತ್ತೀರಾ? ಒಮ್ಮೆ ಕಾರಿನ ಚಕ್ರ ಪಂಕ್ಚರ್ ಆದಾಗ ಒಟೆನ್ಸ್ ಅದನ್ನು ಜಾಕಿನ ಕೆಳಗೆ ಆನಿಸಲು ಬಳಸಿದರು, ಅದು ಅಲ್ಲಿಯೇ ಕಳೆದುಹೋಯಿತು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರಬೇಕಾದದ್ದು ಯಾವುದೋ ರಸ್ತೆಬದಿಯ ಪಾಲಾಯಿತು.

ಆದರೆ ಅಳತೆ ಚಿಕ್ಕದಾದರೆ ಸಾಲದು, ಎಲ್ಲರಿಗೂ ಒಂದೇ ಆಗಬೇಕು. ಜರ್ಮನಿಯ ಗ್ರುಂಡಿಗ್ ಕಂಪನಿ 1965ರಲ್ಲಿ ಬೇರೊಂದು ಅಳತೆಯ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಜಪಾನಿನ ಸೋನಿ ಕಂಪನಿಯೇ ಹೇಳಿಕೊಂಡಿರುವ ಚರಿತ್ರೆಯಂತೆ, ತನ್ನ ಕ್ಯಾಸೆಟ್ಟಿನ ವಿನ್ಯಾಸ ಬಳಸಲು ಫಿಲಿಪ್ಸ್ ಮೊದಲು ಪ್ರತಿ ಯಂತ್ರಕ್ಕೆ 25 ಯೆನ್ ಗೌರವಧನ ಕೇಳಿ, ನಂತರ 6 ಯೆನ್‌ಗೆ ಇಳಿದು, ಸೋನಿಯ ನೊರಿಯೊ ಓಗಾ ಅದಕ್ಕೂ ಜಗ್ಗದಿದ್ದಾಗ ಕೊನೆಗೆ ಬಿಟ್ಟಿಯಾಗಿಯೇ ಒಪ್ಪಿಕೊಂಡಿತು. ಷರತ್ತು ಒಂದೇ, ಅಳತೆ ಬದಲಾಗಕೂಡದು. ಸ್ಟೀರಿಯೊ ಬಂದಾಗಲೂ ಎಡ ಬಲದ ಟ್ರ್ಯಾಕುಗಳನ್ನು ಹಳೆಯ ಟ್ರ್ಯಾಕಿನ ಅಗಲದೊಳಗೇ ಅಕ್ಕಪಕ್ಕ ಕೂರಿಸಿದ್ದರಿಂದ ಹಳೆಯ ಯಂತ್ರಗಳು ಹೊಸ ಕ್ಯಾಸೆಟ್ಟನ್ನೂ ನುಡಿಸಿದವು.

ಸಮಯ ಮೀರುತ್ತಿರುವುದರಿಂದ ಸದ್ದು ತಗ್ಗಿಸುವ ಡಾಲ್ಬಿ ತಂತ್ರ, ಕ್ರೋಮಿಯಂ ಡೈಆಕ್ಸೈಡ್ ಲೇಪದ ಟೇಪುಗಳ ವಿವರಕ್ಕೆ ಹೋಗಲಾರೆ. ಗುಸುಗುಡುವ ಸದ್ದು ತಗ್ಗಿ ಕ್ಯಾಸೆಟ್ ಸಂಗೀತಕ್ಕೂ ಯೋಗ್ಯವಾದದ್ದು ಅವುಗಳಿಂದ. 1979ರಲ್ಲಿ ಓಡಾಡುತ್ತ ಕ್ಯಾಸೆಟ್ ಕೇಳುವ ಪುಟ್ಟ ಯಂತ್ರ ವಾಕ್‌ಮನ್ ಬಂತು. ನಮ್ಮಲ್ಲಿ ಭಾವಗೀತೆಗಳ ಧ್ವನಿಸುರುಳಿಗಳು ಮನೆಮನೆ ಸೇರಿದವು.

1992ರಲ್ಲಿ ಫಿಲಿಪ್ಸ್ ಹಳೆಯ ಕ್ಯಾಸೆಟ್ಟನ್ನೂ ನುಡಿಸಬಲ್ಲ ಡಿಜಿಟಲ್ ಕ್ಯಾಸೆಟ್ ಯಂತ್ರವನ್ನು ತಂದರೆ, ಸೋನಿ ಅದೇ ವರ್ಷ ಚಿಕ್ಕ ತಟ್ಟೆಯ ಮಿನಿಡಿಸ್ಕ್ ತಂದಿತು. ಈ ಬಾರಿ ಇಬ್ಬರೂ ಒಂದು ಅಳತೆಗೆ ಒಪ್ಪಲಿಲ್ಲ. ಡಿಜಿಟಲ್ ಕ್ಯಾಸೆಟ್ಟನ್ನು ಫಿಲಿಪ್ಸ್ 1996ರಲ್ಲಿ ಕೈಬಿಟ್ಟಿತು. ನಮಸ್ಕಾರ.