ಪಣಕ್ಕಿಟ್ಟ ದಾಸಿಯರ ಸುದ್ದಿ ಯಾರು ಕೇಳಿದರು?

ನಮಸ್ಕಾರ. ಗದಗಿನ ವೀರನಾರಾಯಣ ಗುಡಿಗೆ ಹೋದವರಿಗೆ ಕುಮಾರವ್ಯಾಸನ ಕಂಬ ಗೊತ್ತಿರುತ್ತದೆ. ಅದಕ್ಕೆ ಒರಗಿಕೊಂಡೇ ಅವನು ಭಾರತ ಬರೆದ ಅಂತ ಊರಿನವರು ಹೇಳುತ್ತಾರೆ. ಆ ಭಾರತದ ಒಂದು ಸಾಲು ನಮ್ಮ ಕಡೆ ಭಾಷಣಗಳಲ್ಲಿ ಸವೆದು ಹೋಗಿದೆ: ‘ಅರಸು ರಾಕ್ಷಸ ಮಂತ್ರಿಯೆಂಬುವ ಮೊರೆವ ಹುಲಿ ಪರಿವಾರ ಹದ್ದಿನ ನೆರವಿ’. ಅರಸು, ಮಂತ್ರಿ ಅಂದ ಕೂಡಲೇ ಚಪ್ಪಾಳೆ ಬೀಳುತ್ತದೆ. ಪರಿವಾರ, ಅಂದರೆ ಅರಸನ ಸುತ್ತಲಿನ ಮಂದಿ, ಹದ್ದಿನ ಹಿಂಡು ಅಂದಾಗ ಎಲ್ಲರೂ ಸುಮ್ನೆ ಕೂತಿರುತ್ತಾರೆ. ಅದರಲ್ಲಿ ನಾವೂ ಬರುತ್ತೇವಲ್ವಾ!

ಈ ಹದ್ದನ್ನು ಹತ್ತಿರದಿಂದ ನೋಡಬೇಕಾದರೆ 1964ರ ‘ತುಘಲಕ್’ ನಾಟಕ ತೆಗೆಯಿರಿ. ಬರೆದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡ. ದಿಲ್ಲಿಯ ಜನರನ್ನೆಲ್ಲ ದೌಲತಾಬಾದಿಗೆ ಸಾಗಿಸುತ್ತಿದ್ದಾರೆ. ದಾರಿಯಲ್ಲೊಂದು ಬಿಡಾರ. ಒಬ್ಬ ತಾಯಿ ಸಾಯುತ್ತಿರುವ ಕೂಸನ್ನು ಎತ್ತಿಕೊಂಡು ಬಂದು ವೈದ್ಯರ ಹತ್ತಿರ ಹೋಗಲು ಒಂದು ದಿನದ ಮಟ್ಟಿಗೆ ಬಿಡಿ ಅಂತ ಬೇಡುತ್ತಾಳೆ. ಅಧಿಕಾರಿ ಅಜೀಜ್ ಬೈಯುವುದಿಲ್ಲ, ಹೊಡೆಯುವುದೂ ಇಲ್ಲ. ನನಗೆ ಆಜ್ಞೆಯಿದೆ ಅನ್ನುತ್ತಾನೆ. ಆಮೇಲೆ ದನಿ ತಗ್ಗಿಸಿ, ಮೇಲಿನವರನ್ನೂ ನೋಡಿಕೊಳ್ಳಬೇಕಲ್ಲ ಅಂತ ದುಡ್ಡಿನ ಸೂಚನೆ ಕೊಡುತ್ತಾನೆ. ಅವನೇನು ದೊಡ್ಡ ಮನೆತನದವನಲ್ಲ, ಬ್ರಾಹ್ಮಣನ ವೇಷ ಹಾಕಿದ ಅಗಸ. ಸುಲ್ತಾನನ ಉದ್ದುದ್ದ ಮಾತಿಗಿಂತ ಈ ತಗ್ಗಿದ ದನಿಯೇ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ.

ಈಗ ಜೂಜಿನ ಸಭೆಗೆ ಬನ್ನಿ. ದ್ರೌಪದಿಯನ್ನು ಪಣಕ್ಕಿಟ್ಟದ್ದು ಎಲ್ಲರಿಗೂ ಗೊತ್ತು. ವ್ಯಾಸಭಾರತದಲ್ಲಿ ಅದಕ್ಕೂ ಮೊದಲು ಧರ್ಮರಾಯ ಒಂದು ಲಕ್ಷ ದಾಸಿಯರನ್ನು ಪಣಕ್ಕೆ ಇಡುತ್ತಾನೆ. ಹೌದು, ರಥ, ಕುದುರೆಗಳ ಸಾಲಿನಲ್ಲೇ! ಅವರು ತೊಟ್ಟ ಒಡವೆಯ ವರ್ಣನೆಯಿದೆ, ಹಾಡು ಕುಣಿತ ಬಲ್ಲವರು ಅಂತಲೂ ಇದೆ. ಒಬ್ಬಳ ಹೆಸರಿಲ್ಲ. ಶಕುನಿ ‘ಗೆದ್ದೆ’ ಅನ್ನುತ್ತಾನೆ, ಆಟ ಮುಂದೆ ಹೋಗುತ್ತದೆ. ನಾವೂ ಪುಟ ತಿರುಗಿಸುತ್ತೇವೆ.

ದ್ರೌಪದಿಯ ಪ್ರಶ್ನೆ ನೆನಪಿದೆಯಲ್ಲ? ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅಂತ. ಭೀಷ್ಮನೇ ತಡವರಿಸಿದ ಪ್ರಶ್ನೆ. ಆದರೆ ದಾಸಿಯರಿಗೆ ಅದರಿಂದ ಏನೂ ಸಿಗಲಿಲ್ಲ. ಅವರನ್ನು ಇಟ್ಟಾಗ ಧರ್ಮರಾಯ ಇನ್ನೂ ತನ್ನನ್ನು ಸೋತಿರಲಿಲ್ಲ, ಹಕ್ಕು ಪಕ್ಕಾ ಇತ್ತು. ಸಭೆಯಲ್ಲಿ ದ್ರೌಪದಿಯನ್ನು ಹಂಗಿಸುವ ಮಾತೂ ‘ದಾಸಿ’ ಅಂತಲೇ. ರಾಣಿ ದಾಸಿಯಾದಳಲ್ಲ ಅಂತ ನಮ್ಮ ಹೊಟ್ಟೆ ಉರಿಯುತ್ತದೆ. ಮೊದಲಿನಿಂದ ದಾಸಿಯಾಗಿಯೇ ಇದ್ದವಳ ಬಗ್ಗೆ ಏನೂ ಅನ್ನಿಸುವುದಿಲ್ಲ.

ಆ ಕಾಲದ ರೂಢಿನೇ ಹಾಗಿತ್ತು ಬಿಡಿ ಅಂತೀರಾ? ಅದೇ ಕಾಲದಲ್ಲಿ, ಅದೇ ಸಭೆಯಲ್ಲಿ, ದುರ್ಯೋಧನನ ತಮ್ಮ ವಿಕರ್ಣ ಎದ್ದು ನಿಂತು ಇದು ತಪ್ಪು ಅಂದ. ಹಿರಿಯರೆಲ್ಲ ಬಾಯಿ ಮುಚ್ಚಿ ಕೂತಾಗ ಒಂದೊಂದಾಗಿ ಕಾರಣ ಕೊಟ್ಟು ವಾದಿಸಿದ. ಆ ವಾದದಲ್ಲೂ ದಾಸಿಯರ ಸುದ್ದಿ ಇಲ್ಲ.