ತೊಕ್ಕು ಹೋಯ್ತು, ಫ್ಲೈಟು ಲೇಟು, ಮತ್ತೆ ಆ ಮೈಕು

ಹಾಂ, ಈ ವಿಡಿಯೋದಲ್ಲಿ ಏರ್‌ಪೋರ್ಟಲ್ಲಿ ಮುಖ ಊದಿಸ್ಕೊಂಡು ಕೂತಿರೋದು ನಾನೇ. ಫ್ಲೈಟು ನಾಲ್ಕು ಗಂಟೆ ಲೇಟು. ಅದು ಹಾಳಾಗ್ಲಿ ಬಿಡಿ, ಸಿಟ್ಟು ಅದಕ್ಕಲ್ಲ, ಅಮ್ಮ ಊರಿಂದ ಕಳಿಸಿದ್ದ ಮಾವಿನಕಾಯಿ ತೊಕ್ಕು, ಅರ್ಧ ಕೆಜಿ ಡಬ್ಬಿ, ಸೆಕ್ಯೂರಿಟಿಯಲ್ಲಿ ತೆಗ್ದು ಕಸದಬುಟ್ಟಿಗೆ ಎಸೆದ್ರು. ಲಿಕ್ವಿಡ್ ಅಂತೆ! ಸ್ಪೂನ್ ಚುಚ್ಚಿದ್ರೆ ನೆಟ್ಟಗೆ ನಿಲ್ಲುತ್ತೆ ಕಣ್ರೀ ಅದ್ರಲ್ಲಿ, ಯಾವ ಲೆಕ್ಕದಲ್ಲಿ ಲಿಕ್ವಿಡ್ಡು? ಚಟ್ನಿಪುಡಿ ಮಾತ್ರ ಬಿಟ್ರು. ಚೆಕ್‌ಇನ್ ಬ್ಯಾಗಲ್ಲಿ ಹಾಕ್ಬೇಕಿತ್ತು, ಗೊತ್ತು, ಯಾರೂ ಬುದ್ಧಿ ಹೇಳ್ಬೇಡಿ.

ಝೂಮ್ ಮಾಡಿದೀನಲ್ಲ, ಅದು ಗೇಟ್ ಕೌಂಟರಿನ ಮೈಕು. ಅದನ್ನ ನೋಡಿದಾಗೆಲ್ಲ ನಂಗೆ 'ಎಲೆನ್' ಅನ್ನೋ ಅಮೆರಿಕದ ಕಾಮಿಡಿ ಸೀರಿಯಲ್ಲಿನ ಎಲೆನ್ ನೆನಪಾಗ್ತಾಳೆ. 1997 ಏಪ್ರಿಲ್ 30, ಅಲ್ಲಿನ ಎಬಿಸಿ ಚಾನೆಲ್ಲು. ನಟಿ ಎಲೆನ್ ಡಿಜೆನೆರಸ್ ಮಾಡಿದ ಪಾತ್ರ ಇಂಥದೇ ಏರ್‌ಪೋರ್ಟಲ್ಲಿ ಇನ್ನೊಬ್ಬ ನಟಿ ಲಾರಾ ಡರ್ನ್ ಮಾಡಿದ ಪಾತ್ರದ ಮುಂದೆ ನಿಂತು, ನಾನು ಗೇ ಅಂತ ಹೇಳೋಕೆ ತೊದಲಿ ತೊದಲಿ, ಕೊನೆಗೆ ಕೌಂಟರ್ ಮೇಲೆ ಬಗ್ಗಿ ಹೇಳೇಬಿಡ್ತಾಳೆ, ನೋಡಿದ್ರೆ ಮೈಕ್ ಆನಲ್ಲಿದೆ, ಇಡೀ ಗೇಟಿಗೆ ಕೇಳಿಸ್ತು! 4 ಕೋಟಿಗೂ ಜಾಸ್ತಿ ಜನ ನೋಡಿದ್ರು. ಅಲಬಾಮದ ಬರ್ಮಿಂಗ್‌ಹ್ಯಾಮಲ್ಲಿ ಎಬಿಸಿಯ ಲೋಕಲ್ ಸ್ಟೇಷನ್ನು ನಾವು ಹಾಕಲ್ಲ ಅಂತು, ಆ ಊರಿನ ಜನ ಆಡಿಟೋರಿಯಮ್ ಹಿಡಿದು ಸ್ಯಾಟಲೈಟಲ್ಲಿ ತರಿಸ್ಕೊಂಡು ಎಲ್ಲ ಒಟ್ಟಿಗೆ ಕೂತು ನೋಡಿದ್ರು. ನಂಗೆ ಎಪಿಸೋಡಿಗಿಂತ ಆ ಆಡಿಟೋರಿಯಮ್ಮೇ ಇಷ್ಟ.

ಆದ್ರೆ ಆಮೇಲೆ ಏನಾಯ್ತು? ಮುಂದಿನ ಎಪಿಸೋಡ್‌ಗಳ ಶುರುವಲ್ಲೇ ದೊಡ್ಡವ್ರಿಗೆ ಮಾತ್ರ ಅನ್ನೋ ಥರ ಎಚ್ಚರಿಕೆ ಹಾಕಿದ್ರು, 1998ರಲ್ಲಿ ಶೋ ಕ್ಲೋಸು. ಜನ ನೋಡೋದು ಬಿಟ್ರು ಅಂತ ಕಾರಣ. ಅಂಗಡಿ ಬಾಗಿಲಿಗೆ ನಾಯಿ ಇದೆ ಎಚ್ಚರಿಕೆ ಅಂತ ಬೋರ್ಡ್ ಹಾಕಿ ಗಿರಾಕಿ ಬರ್ತಿಲ್ಲ ಅಂದಂಗಾಯ್ತು. ಚಾನೆಲ್ಲಿನವ್ರು ಸುಮ್ನೆ ಹೆದರಿದ್ದೂ ಅಲ್ಲ ಬಿಡಿ, 1989ರಲ್ಲಿ ಇದೇ ಚಾನೆಲ್ಲಿನ 'ಥರ್ಟಿಸಮ್‌ಥಿಂಗ್' ಸೀರಿಯಲ್ಲಲ್ಲಿ ಇಬ್ರು ಗಂಡಸ್ರು ಹಾಸಿಗೆಯಲ್ಲಿ ಬರೀ ಮಾತಾಡ್ತಿದ್ರು ಅಷ್ಟೇ, ಅಷ್ಟಕ್ಕೇ ಜಾಹೀರಾತಿನವ್ರು ಓಡಿಹೋಗಿ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಲಾಸ್ ಆಗಿತ್ತು.

ಇದು ಸ್ಯಾಂಡ್‌ವಿಚ್ಚು, 16 ಡಾಲರು, ಒಳಗೆ ಎರಡು ಎಲೆ. ಮಾತಾಡೋದೇ ಬೇಡ.

ಏನ್ ಹೇಳ್ತಿದ್ದೆ, ಹಾಂ, 'ಎಲೆನ್' ಶೋ ನಿಂತ ವರ್ಷಾನೇ ಎನ್‌ಬಿಸಿ ಅನ್ನೋ ಇನ್ನೊಂದು ಚಾನೆಲ್ಲಲ್ಲಿ 'ವಿಲ್ ಆಂಡ್ ಗ್ರೇಸ್' ಅನ್ನೋ ಕಾಮಿಡಿ ಸೀರಿಯಲ್ಲು ಶುರುವಾಯ್ತು, ಅದ್ರ ಹೀರೋ ವಿಲ್ ಗೇ, ಎಂಟು ವರ್ಷ ಓಡ್ತು. ನಗಿಸಿದ್ರೆ ಜನ ಒಪ್ಕೋತಾರೆ, ಇದೇ ಸರಿಯಾದ ದಾರಿ ಅಂತ ನಾನು ಎಷ್ಟೋ ದಿನ ಹೇಳ್ಕೊಂಡು ತಿರುಗಿದೀನಿ. ಈಗ ಇಲ್ಲಿ ಕೂತು ಯೋಚ್ನೆ ಮಾಡಿದ್ರೆ, ಹೀರೋ ವಿಲ್‌ಗೇ ವರ್ಷಗಟ್ಟಲೆ ಒಂದು ಸರಿಯಾದ ಲವ್ ಸ್ಟೋರಿ ಕೊಡ್ಲಿಲ್ಲ ಅಲ್ವಾ, ಗೇ ಅಂತೆ, ಆದ್ರೆ ಬಾಯ್‌ಫ್ರೆಂಡ್ ಎಲ್ಲಿ? ಸರಿಯಾದ ದಾರಿನೂ ಅಲ್ಲ ಏನೂ ಅಲ್ಲ. ಅದನ್ನ ಅವ್ರೇ ಗೇಲಿ ಮಾಡ್ಕೊಂಡ್ರು ಬೇರೆ, 2000ದ ಫೆಬ್ರವರಿ ಎಪಿಸೋಡಲ್ಲಿ ಟಿವಿಯಲ್ಲಿ ಇಬ್ರು ಗಂಡಸ್ರ ಮುತ್ತು ಬರುತ್ತೆ ಅಂತ ವಿಲ್ಲೂ ಅವನ ಗೇ ಫ್ರೆಂಡು ಜಾಕೂ ಕಾದು ಕೂತಿರ್ತಾರೆ, ಕರೆಕ್ಟಾಗಿ ಅದೇ ಟೈಮಿಗೆ ಕ್ಯಾಮೆರಾ ಬೇರೆ ಕಡೆ ತಿರುಗುತ್ತೆ, ಇವ್ರಿಗೆ ಉರಿದು ಹೋಗಿ 'ಟುಡೇ' ಅನ್ನೋ ಬೆಳಗಿನ ಟಿವಿ ಶೋ ಲೈವ್ ನಡೀತಿದ್ದಾಗ ತಾವೇ ಮುತ್ತು ಕೊಟ್ಕೋತಾರೆ. ಮೂರು ತಿಂಗಳಿಗೆ 'ಡಾಸನ್ಸ್ ಕ್ರೀಕ್' ಅನ್ನೋ ಕಾಲೇಜ್ ಹುಡುಗ್ರ, ಅಲ್ಲಲ್ಲ ಹೈಸ್ಕೂಲ್ ಹುಡುಗ್ರ ಸೀರಿಯಲ್ಲಲ್ಲಿ ತಮಾಷೆ ಇಲ್ಲದೆ, ಇಬ್ರು ಹುಡುಗ್ರ ನಿಜವಾದ ಪ್ರೀತಿಯ ಮುತ್ತು ಬಂತು. ಅದ್ರ ಬಗ್ಗೆ ಇನ್ನೂ...

ಅಯ್ಯೋ ಬೋರ್ಡಿಂಗ್ ಅಂದ್ರು, ಕ್ಯಾಮೆರಾ ಅಲ್ಲಾಡ್ತಿರೋದು ಅದಕ್ಕೇ. ಸ್ಯಾಂಡ್‌ವಿಚ್‌ಗೆ ಚಟ್ನಿಪುಡಿ ಉದುರಿಸ್ಕೊಂಡು ಲೈನಲ್ಲೇ ತಿಂದೆ, ಪಕ್ಕದವ್ರು ಒಂಥರಾ ನೋಡಿದ್ರು, ನೋಡ್ಲಿ.